ಅಡಿಗೆರೆಯ ಮಹಾಸಮರ

ಹೇಳಿಬಿಡಲೇ? ಬೇಡ, ಆ ಫಕೀರಪ್ಪನೇ ಬಂದು ಕೇಳಲಿ. ಕೇಳದಿದ್ದರೆ?

ಹೀಗೆ ದೋಲಾಯಮಾನಚಿತ್ತನಾಗಿ, ಹುಬ್ಬಳ್ಳಿಯ ಒಂದು ಕಚೇರಿಯ ಮೂರನೆಯ ಮಹಡಿಯಲ್ಲಿ, ತಿರುಗುಕುರ್ಚಿಯೆಂಬ ರಥವನ್ನೇರಿ ಕುಳಿತಿದ್ದನು ಯಂತ್ರಲೇಖಕಜನಕನೂ ಮೌನವ್ರತಧುರಂಧರನೂ ಆದ ನಿಜಗುಣ. ಎಲೈ ವಾಗ್ದೇವಿ, ಪ್ರೋಗ್ರಾಮನ್ನು ಪ್ರೋಗ್ರಾಮೇ ಬರೆಯತೊಡಗಿದ ಈ ವಿಚಿತ್ರ ಯುಗದಲ್ಲಿ ಒಂದೇ ಒಂದು ಪದಕ್ಕಾಗಿ ನಡೆದ ಘೋರಸಂಗ್ರಾಮವನ್ನು ಹಾಡಿಸು!

ಶಾಲೆಗಳ ಪ್ರವೇಶದ ಅರ್ಜಿಯಲ್ಲಿರುವ ಅಂಕಣಗಳ ಹೆಸರುಗಳನ್ನು ನುಂಗಿ ಸಾವಿರಾರು ಸಾಲು ಕೋಡ್ ಉಗುಳುವ ಯಂತ್ರವೊಂದನ್ನು ನಿಜಗುಣ ವರ್ಷವಿಡೀ ತಪಸ್ಸು ಮಾಡಿ ಪಡೆದಿದ್ದನು. ಆ ಅರ್ಜಿಯಲ್ಲಿ, ಮಗು ಸೇರುವ ತರಗತಿಗೆಂದು, ‘ಕ್ಲಾಸ್’ ಎಂಬ ಪದವಿತ್ತು. ಕಂಪ್ಯೂಟರಿನ ಭಾಷೆಯೋ ಅದನ್ನು ಸಿಂಹಾಸನದಂತೆ ತನಗೆಂದೇ ಕಾದಿರಿಸಿಕೊಂಡಿತ್ತು. ಬೇರೆ ಯಾವುದಕ್ಕೂ ಆ ಹೆಸರಿಡುವಂತಿರಲಿಲ್ಲ. ಇಟ್ಟೊಡನೆ ತೆರೆಯ ತುಂಬ ಕೆಂಪು ಕಿಡಿ.

ಸೋಮವಾರ ಎದ್ದನು ಪಕ್ಕದ ಕುರ್ಚಿಯ ಕೀಲಿಮಣೆಕುಟ್ಟನಪ್ರಚಂಡ ಫಕೀರಪ್ಪ! ಯಂತ್ರ ಬರೆದ ಕಡತದ ನೆತ್ತಿಯ ಮೇಲೆ ‘ಕೈಯಿಂದ ತಿದ್ದಬೇಡಿ’ ಎಂದು ಕೆತ್ತಿದ್ದರೂ ಲೆಕ್ಕಿಸದೆ, ಆ ಪದದ ಬಾಲಕ್ಕೊಂದು ಅಡಿಗೆರೆ, ಅಂದರೆ ಅಂಡರ್‌ಸ್ಕೋರ್, ಅಂಟಿಸಿ ಅದನ್ನು ಬೇರೆ ಹೆಸರಾಗಿಸಿ ವಿಜಯಘೋಷ ಮಾಡಿದನು. ಮಧ್ಯಾಹ್ನ ಯಂತ್ರ ಮತ್ತೆ ಓಡಿ, ಕಡತವನ್ನು ಹೊಸದಾಗಿ ಬರೆದು, ಅಡಿಗೆರೆಯನ್ನು ಅಳಿಸಿತು. ಅವನು ಮರುದಿನ ತಿದ್ದಿದನು. ಅದು ಅಂದೂ ಅಳಿಸಿತು. ಕಡಿದಷ್ಟೂ ಹುಟ್ಟುವ ರಕ್ತಬೀಜಾಸುರನಂತೆ ಆ ತಪ್ಪು ಗುರುವಾರದವರೆಗೂ ದಿನಾ ಎದ್ದು ನಿಂತಿತು.

“ಏ ನಿಜಗುಣಾ, ನಿನ್ನ ಯಂತ್ರಕ್ಕ ದೆವ್ವ ಹೊಕ್ಕೈತಿ ನೋಡು! ನಾ ತಿದ್ದಿದ್ದೆಲ್ಲಾ ತಿಂತೈತಿ,” ಎಂದು ಗರ್ಜಿಸಿದನು ಫಕೀರಪ್ಪ. “ಮೇಡಂ, ಇದನ್ನ ತಗದ್ ಒಗೀರಿ. ಈ ಎರಡು ಕೈ ಅದಾವು, ಎಲ್ಲಾ ಸಾಲಿ ಅರ್ಜೀದೂ ನಾನ ಬರದ್ ಕೊಡ್ತೀನಿ!”

“ತಿದ್ದಬ್ಯಾಡ್ರಿ ಅಂತ ಮ್ಯಾಲೇ ಬರದೈತಿ. ಓದಾಕ ಬರೂದಿಲ್ಲೇನು?” ಎಂದನು ನಿಜಗುಣ.

“ಓದ್ಕೋಂತ ಕುಂತ್ರ ಕೆಲಸ ಯಾಂವ ಮಾಡ್ತಾನಲೇ?”

ಕಚೇರಿಯ ಸೇನಾನಾಯಕಿ ಶೈಲಶ್ರೀ ಮೇಡಂ ಕನ್ನಡಕ ತೆಗೆದರು. “ಸಾಕ್ ಮಾಡ್ರಿ ಇಬ್ಬರೂ. ಊಟದ ಹೊತ್ತಿನೊಳಗ ಇದು ನಡೀಲಿಲ್ಲಂದ್ರ ಯಂತ್ರ ಬಂದ್. ಎಲ್ಲಾ ಕೈಲೇ ಬರಿಯೂದು.”

ನಿಜಗುಣನ ಒಂದು ವರ್ಷದ ತಪಸ್ಸು! ಬ್ರಹ್ಮಾಸ್ತ್ರಸಂಧಾನಗಂಭೀರಮುದ್ರೆಯಿಂದ ಅವನು ಕಿರುಬೆರಳನ್ನೆತ್ತಿ ಒಂದು ಕೀಲಿ ಒತ್ತಿದನು. ಯಂತ್ರ ಓಡಿತು, ಕಾದಿರಿಸಿದ ಪದ ಕಂಡಲ್ಲೆಲ್ಲ ಈ ಸಲ ತಾನೇ ಅಡಿಗೆರೆ ಹಚ್ಚಿತು. ಕೆಂಪು ಆರಿತು. ದೇವದುಂದುಭಿ ಮೊಳಗಲಿಲ್ಲ, ತಲೆಯ ಮೇಲಿನ ಫ್ಯಾನು ಕಿರ್ರೆಂದಿತು.

“ಬರೇ ಇಷ್ಟನ?” ಎಂದನು ಫಕೀರಪ್ಪ.

“ಇಷ್ಟ.”

“ಯಾವಾಗ ಬರದ್ಯೋ?”

“ಈಗ.”

ಮೇಡಂ ಬಿಸಿ ಮಿರ್ಚಿಭಜಿ ತರಿಸಿದರು. ಫಕೀರಪ್ಪ ಪೊಟ್ಟಣದಲ್ಲಿ ದೊಡ್ಡದನ್ನು ಹುಡುಕಿ ನಿಜಗುಣನ ಕೈಗಿಟ್ಟನು. “ತಿನ್ನೋ, ಶಾಣ್ಯಾ ಅದೀ.” ನಿಜಗುಣ ತಲೆ ತಗ್ಗಿಸಿ ತಿಂದನು.

ಆ ತಿದ್ದುಪಡಿಯನ್ನು ತಾನು ಸೋಮವಾರವೇ ಬರೆದಿಟ್ಟುಕೊಂಡಿದ್ದೆನೆಂದು ಅವನು ಯಾರಿಗೂ ಹೇಳಲಿಲ್ಲ.