ಅತ್ತೆಯ ಓಟು ಮೊದಲೇ ಮುಗಿದದ್ದು

ಕೆಲಸಗಳನ್ನು ಮೊದಲೇ ಮುಗಿಸಿ ಕೈತೊಳೆದುಕೊಳ್ಳುವ ಕಾಯಿಲೆಯೊಂದು ನನಗೆ ಚಿಕ್ಕಂದಿನಿಂದಲೂ ಇದೆ. ಮಂಜೇಶ್ವರದಲ್ಲಿ ಎಂಟೂವರೆಗೆ ರೈಲಿದ್ದರೆ ನಾನು ಏಳಕ್ಕೇ ಪ್ಲಾಟ್‌ಫಾರ್ಮಿನಲ್ಲಿರುತ್ತೇನೆ. ಮದುವೆಗೆ ಹೋದರೆ ವಧೂವರರು ಮಂಟಪಕ್ಕೆ ಬರುವ ಮೊದಲೇ ಊಟದ ಹಾಲ್‌ನ ಬಾಗಿಲು ಹುಡುಕುತ್ತೇನೆ. ಹೆಡ್‌ಮಾಸ್ತರನಾಗಿದ್ದಷ್ಟು ಕಾಲ ಚುನಾವಣೆ ಬಂತೆಂದರೆ ನನಗೆ ಯಾವುದೋ ಊರಿನ ಮತಗಟ್ಟೆಯ ಉಸ್ತುವಾರಿ. ಹಾಗಾಗಿ ನನ್ನ ಓಟೆಲ್ಲ ಅಂಚೆಯ ಓಟು, ದಿನಕ್ಕೆ ಮುಂಚೆಯೇ ಲಕೋಟೆಗೆ ಸೇರುವ ಓಟು. ಕಾಗದದ ಮೇಲೊಂದು ಗುರುತು ತಾನೇ, ಎಲ್ಲಿ ಹಾಕಿದರೇನು, ಯಾವತ್ತು ಹಾಕಿದರೇನು ಎಂಬುದು ನನ್ನ ಸಿದ್ಧಾಂತವಾಗಿತ್ತು. ಈ ಸಲ ನಿವೃತ್ತನಾಗಿ ಮನೆಯಲ್ಲಿದ್ದೆ. ಮುಂಚಿತವಾಗಿ ಹಾಕಲು ನನ್ನದೇ ಓಟು ಸಿಗದ್ದರಿಂದ ನನ್ನ ಕಣ್ಣು ಅತ್ತೆಯ ಓಟಿನ ಮೇಲೆ ಬಿತ್ತು.

ಸರಸ್ವತಿ ಅತ್ತೆ ನನ್ನ ಅಪ್ಪನ ಅಕ್ಕ. ಎಂಬತ್ತೆಂಟು ದಾಟಿದೆ, ಮೊಗ್ರಾಲಿನ ನಮ್ಮ ಮನೆಯಲ್ಲೇ ಇದ್ದಾರೆ. ಕಿವಿ ಸ್ವಲ್ಪ ಮಂದ, ಮಂಡಿ ಪೂರ್ತಿ ಮಂದ, ನಾಲಿಗೆ ಮಾತ್ರ ಬಹಳ ಚುರುಕು. ಇಷ್ಟು ಪ್ರಾಯದವರಿಗೆ ಮನೆಯಲ್ಲೇ ಮತದಾನ ಮಾಡುವ ಅವಕಾಶ ಇದೆಯೆಂದು ಅಂಗನವಾಡಿಯ ಟೀಚರು ಅರ್ಜಿ ಹಿಡಿದು ಬಂದಾಗ ನನಗೆ ಹಬ್ಬವಾಯಿತು. ಅತ್ತೆಗೆ ಆಗಲಿಲ್ಲ.

"ಮನೆಯಲ್ಲಿ ಓಟು ಹಾಕುವಾಗ ಬೇರೆ ಯಾರೆಲ್ಲ ಬರ್ತಾರೆ?" ಎಂದು ಕೇಳಿದರು.

"ಆಫೀಸರುಗಳು, ಒಬ್ಬ ಪೊಲೀಸು, ಒಬ್ಬ ವಿಡಿಯೋದವ."

"ಊರಿನವರು?"

"ಊರಿನವರು ಎಂತಕ್ಕೆ ಅತ್ತೆ?"

"ಮತ್ತೆ ಯಾರು ಇದ್ದಾರೆ, ಯಾರು ಹೋದರು ಅಂತ ನನಗೆ ಗೊತ್ತಾಗುವುದು ಹೇಗೆ?"

ಬಿಸಿಲು, ಕ್ಯೂ, ಮಂಡಿ ಎಂದೆಲ್ಲ ಹೆದರಿಸಿ ನಾನು ಸಹಿ ಹಾಕಿಸಿದೆ. ಒಮ್ಮೆ ಈ ದಾರಿ ಹಿಡಿದರೆ ಮತದಾನದ ದಿನ ಮತಗಟ್ಟೆಯಲ್ಲಿ ಓಟು ಹಾಕುವಂತಿಲ್ಲ ಎಂಬ ಸಂಗತಿಯನ್ನು ಮಾತ್ರ ಸ್ವಲ್ಪ ಸಣ್ಣ ದನಿಯಲ್ಲಿ ಹೇಳಿದೆ. ಅವರ ಮಂದ ಕಿವಿಗೆ ಅದು ತಲುಪಲಿಲ್ಲ.

ಆಫೀಸರುಗಳು ಬಂದರು, ಊಟದ ಮೇಜಿನ ಮೇಲೆ ರಟ್ಟಿನ ಮರೆ ಇಟ್ಟರು. ಅತ್ತೆ ಒಳ್ಳೆಯ ಸೀರೆ ಉಟ್ಟು ಗುರುತು ಹಾಕಿದರು. ಎಲ್ಲರೂ ಪಾನಕ ಕುಡಿದು ಹೋದರು. ಹತ್ತೇ ನಿಮಿಷ. ನಾನು ಗೆದ್ದವನ ಹಾಗೆ ಕುರ್ಚಿಯಲ್ಲಿ ಒರಗಿದೆ.

ಮೂರನೆಯ ದಿನ ಒಬ್ಬ ಅಭ್ಯರ್ಥಿ ಹಿಂಬಾಲಕರೊಂದಿಗೆ ಮನೆಗೇ ಬಂದರು. ಅತ್ತೆ ಅವರನ್ನು ಕಂಡು ಅರಳಿದ ರೀತಿ ನೋಡಿದರೆ ಓಟು ಯಾರಿಗೆ ಬಿದ್ದಿದೆ ಎಂಬುದು ಗುಟ್ಟಾಗಿ ಉಳಿಯುವಂತಿರಲಿಲ್ಲ. ಇಲ್ಲಿ ನಮ್ಮ ಹೆದ್ದಾರಿಯ ವಿಷಯ ಹೇಳಬೇಕು. ಮೊದಲು ಅದು ಬರೀ ರಸ್ತೆ. ಆಚೆ ಈಚೆ ನೋಡಿ ದಾಟಿದರೆ ಅತ್ತೆಯ ಗೆಳತಿ ಬೀಫಾತಿಮ್ಮನ ಅಂಗಳ. ಇಬ್ಬರೂ ಕನ್ನಡ ಶಾಲೆಯ ಒಂದೇ ಬೆಂಚಿನವರು. ಈಗ ರಸ್ತೆ ಅಗಲವಾಗಿ ನಡುವೆ ಆಳೆತ್ತರದ ಗೋಡೆ ಎದ್ದಿದೆ. ಆಚೆ ಹೋಗಬೇಕಾದರೆ ದೂರದ ಅಂಡರ್‌ಪಾಸಿಗೆ ಹೋಗಿ ಸುತ್ತಿ ಬರಬೇಕು. ನಡೆದು ದಾಟಲು ಒಂದು ಮೇಲ್ಸೇತುವೆ ಬೇಕೆಂಬುದು ಅತ್ತೆಯ ಒಂದೇ ಬೇಡಿಕೆ. ಅದನ್ನೇ ಕೇಳಿದರು.

ಅಭ್ಯರ್ಥಿ ಪ್ರೀತಿಯಿಂದ ನಕ್ಕು, "ಅಜ್ಜಿ, ಈ ಪ್ರಾಯದಲ್ಲಿ ನಿಮಗೆ ಆಚೆ ಎಂತ ಕೆಲಸ?" ಎಂದು ಕೈಮುಗಿದು ಹೊರಟರು.

ಅವರು ಗೇಟು ದಾಟುವವರೆಗೆ ಅತ್ತೆ ನೋಡಿದರು. ಆಮೇಲೆ, "ರಾಘವಾ, ಆ ಲಕೋಟೆ ಈಗ ಎಲ್ಲಿ ಉಂಟು?" ಎಂದರು.

"ಪೆಟ್ಟಿಗೆಯಲ್ಲಿ ಅತ್ತೆ. ಸೀಲಾಗಿದೆ."

"ತೆಗೆದು ಕೊಡಲಿಕ್ಕೆ ಆಗ್ತದಾ ಕೇಳು."

"ಅದು ಆಗುವುದಿಲ್ಲ."

"ಆ ದಿನ ಹೋಗಿ ಬೇರೆ ಹಾಕಿದರೆ?"

ಆಗ ನಾನು ಸಣ್ಣ ದನಿಯ ಸಂಗತಿಯನ್ನು ದೊಡ್ಡ ದನಿಯಲ್ಲಿ ಹೇಳಬೇಕಾಯಿತು. ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ನಿನ್ನ ಅವಸರಕ್ಕೆ ನನ್ನ ಓಟು ಹೋಯಿತಲ್ಲ ಮಾರಾಯ," ಎಂದು ಕೋಣೆಗೆ ಹೋಗಿ ಮಲಗಿದರು. ಅಂಚೆಯಲ್ಲಿ ಹೋದ ನನ್ನ ಓಟುಗಳಲ್ಲಿ ಹೀಗೆ ಆತುರಪಟ್ಟು ಹೋದವು ಎಷ್ಟಿರಬಹುದು? ಹಾಕಿದ ಮೇಲೆ ನಾನು ಯಾವ ಅಭ್ಯರ್ಥಿಯ ಮಾತನ್ನೂ ಕೇಳಲು ಹೋದವನೇ ಅಲ್ಲ.

ಮತದಾನದ ದಿನ ಅತ್ತೆ ಮಧ್ಯಾಹ್ನ ಮೂರಕ್ಕೇ ಸೀರೆ ಉಟ್ಟು ಕುಳಿತರು. "ಓಟಿಲ್ಲದಿದ್ದರೆ ಬೇಡ, ಜನರನ್ನು ನೋಡ್ಲಿಕ್ಕೆ ಯಾರ ಅಪ್ಪಣೆ ಬೇಕು?" ಎಂಬುದು ವಾದ. ಮತಗಟ್ಟೆ ಹೆದ್ದಾರಿಯ ಆಚೆಯ ಶಾಲೆ. ರಿಕ್ಷಾದಲ್ಲಿ ಸುತ್ತಿ ಬಳಸಿ ಹೋಗಿ, ಗೇಟಿನ ಹೊರಗಿನ ಗಾಳಿಮರದ ಕೆಳಗೆ ಅವರನ್ನು ಬೆಂಚಿನ ಮೇಲೆ ಕೂರಿಸಿದೆ. ಐದು ನಿಮಿಷದಲ್ಲಿ ಅಲ್ಲಿಗೊಂದು ಗಾಲಿಕುರ್ಚಿ ಬಂತು. ಅದರಲ್ಲಿ ಬೀಫಾತಿಮ್ಮ, ತಳ್ಳುತ್ತಿದ್ದವಳು ಅವರ ಸೊಸೆ.

"ಎಂತ ಸರಸತಿ, ಇದ್ದೀಯಾ?"

"ಇದ್ದೇನೆ ಮಾರಾಯ್ತಿ. ನೀನು?"

"ನಾನೂ ಉಂಟು. ಹಲ್ಲು ಇಲ್ಲ."

ಇಬ್ಬರೂ ಕೈಕೈ ಹಿಡಿದು ಎಷ್ಟು ನಕ್ಕರೆಂದರೆ, ಬಂದೂಕು ಹಿಡಿದಿದ್ದ ಪೊಲೀಸು ಕೂಡ ತಿರುಗಿ ನೋಡಿದ. ಬೀಫಾತಿಮ್ಮನ ಮನೆಗೂ ಅರ್ಜಿ ಹೋಗಿತ್ತಂತೆ. "ನಾನು ಹರಿದು ಬಿಸಾಡಿದೆ. ನನಗೆ ವರ್ಷಕ್ಕೆ ಇರುವುದೇ ಎರಡು ತಿರುಗಾಟ," ಎಂದರು. ಅತ್ತೆ ಅಭ್ಯರ್ಥಿಯ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸತೊಡಗಿದರು. ನನ್ನೊಳಗಿನ ಹಳೆಯ ಮತಗಟ್ಟೆ ಅಧಿಕಾರಿ ಬೆಚ್ಚಿದ.

"ಅತ್ತೆ, ಇಲ್ಲಿ ರಾಜಕೀಯ ಮಾತಾಡಬಾರದು!"

"ಇದು ರಾಜಕೀಯ ಅಲ್ಲ, ರಸ್ತೆ ದಾಟುವ ವಿಷಯ."

ಬೀಫಾತಿಮ್ಮ ಗಂಭೀರವಾಗಿ ಕೇಳಿಸಿಕೊಂಡು, "ನನ್ನದು ಇನ್ನೂ ಆಗ್ಲಿಲ್ಲ ನೋಡು," ಎಂದು ಸೊಸೆಗೆ ಸನ್ನೆ ಮಾಡಿದರು. ಕುರ್ಚಿ ಕ್ಯೂವನ್ನು ಬದಿಗಿಟ್ಟು ಸೀದಾ ಒಳಗೆ ಹೋಯಿತು. ಅತ್ತೆಯ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ನೆಮ್ಮದಿ ಕಂಡಿತು. ಬೀಫಾತಿಮ್ಮ ಯಾವ ಗುಂಡಿ ಒತ್ತಿದರೋ ನನಗೆ ಗೊತ್ತಿಲ್ಲ. ತಿಳಿಯುವ ಕುತೂಹಲ ಮಾತ್ರ ಇವತ್ತಿಗೂ ಇದೆ.

ನಾನು ಕ್ಯೂವಿನಲ್ಲಿ ಒಂದು ಗಂಟೆ ನಿಂತೆ. ಮೇಜಿನ ಹತ್ತಿರ ತಲುಪಿ ಗುರುತಿನ ಚೀಟಿಯನ್ನು ಠೀವಿಯಿಂದ ಕೊಟ್ಟೆ. ಅಲ್ಲಿದ್ದ ಅಧಿಕಾರಿಣಿ ಒಮ್ಮೆ ಚೀಟಿಯನ್ನೂ ಒಮ್ಮೆ ನನ್ನನ್ನೂ ನೋಡಿ, "ಸರ್, ಇದರಲ್ಲಿ ಸರಸ್ವತಿ ಅಂತ ಉಂಟಲ್ಲ?" ಎಂದರು. ಅತ್ತೆಯ ಔಷಧಿ, ನೀರು, ಕೊಡೆ, ಬೇಡದಿದ್ದರೂ ಅವರು ಹಟ ಹಿಡಿದ ಅವರ ಚೀಟಿ ಎಲ್ಲವನ್ನೂ ತಂದಿದ್ದೆ. ನನ್ನದನ್ನು ಮನೆಯಲ್ಲೇ ಬಿಟ್ಟಿದ್ದೆ. ಎಷ್ಟೋ ಜನರನ್ನು ಇದೇ ಕಾರಣಕ್ಕೆ ಉಪದೇಶ ಮಾಡಿ ವಾಪಸು ಕಳುಹಿಸಿದವನು ನಾನು.

ಶಾಲೆಯ ಅಂಗಳದಿಂದ ಗೋಡೆಯಾಚೆ ನಮ್ಮ ಮನೆಯ ಹಂಚು ಕಾಣುತ್ತಿತ್ತು. ಕೂಗಿದರೆ ಹೆಂಡತಿಗೆ ಕೇಳುವಷ್ಟು ಹತ್ತಿರ. ಆದರೆ ರಿಕ್ಷಾ ಹುಡುಕಿ, ಅಂಡರ್‌ಪಾಸು ಸುತ್ತಿ, ಅಲ್ಲಿ ಲಾರಿಯೊಂದರ ಹಿಂದೆ ಸಿಕ್ಕಿಬಿದ್ದು, ಚೀಟಿ ಹಿಡಿದು ಅದೇ ದಾರಿಯಲ್ಲಿ ಮರಳಿ ಬರುವಾಗ ಮೇಲ್ಸೇತುವೆ ಕಟ್ಟಿಸುವವರಿಗೆ ನನಗಿರುವ ಒಂದು ಓಟನ್ನೂ ಕೊಡಲು ನಾನು ತಯಾರಾಗಿದ್ದೆ. ಗೇಟು ಮುಚ್ಚಲು ಎರಡೇ ನಿಮಿಷವಿತ್ತು. ಓಡಿಹೋಗಿ ಸಾಲಿನ ಬಾಲದಲ್ಲಿ ನಿಂತೆ.

ಆರು ಗಂಟೆಗೆ ಸಾಲಿನಲ್ಲಿರುವವರಿಗೆ ನಂಬರು ಬರೆದ ಚೀಟಿ ಹಂಚುವುದುಂಟು. ಆಮೇಲೆ ಯಾರೂ ಹಿಂದೆ ಸೇರಿಕೊಳ್ಳಬಾರದೆಂದು ಅದನ್ನು ಬಾಲದಿಂದಲೇ ಶುರುಮಾಡುತ್ತಾರೆ. ಹಾಗಾಗಿ ನನ್ನ ಕೈಗೆ ಬಂದದ್ದು ಒಂದನೆಯ ನಂಬರು. ಗೇಟಿನ ಸಂದಿಯಿಂದ ಅದನ್ನು ಎತ್ತಿ ತೋರಿಸಿದೆ; ಗಾಳಿಮರದ ಕೆಳಗೆ ಕುಳಿತ ಇಬ್ಬರು ಮುದುಕಿಯರೂ ಸಂತೋಷದಿಂದ ಕೈಬೀಸಿದರು. ಎರಡರಿಂದ ಹದಿನೆಂಟರವರೆಗಿನ ಎಲ್ಲರೂ ಓಟು ಹಾಕಿ ಮನೆಗೆ ಹೋಗುವ ತನಕ ನಾನು ಒಂದನೆಯವನಾಗಿ ನಿಂತು ಕಾದೆ.