ಆಂಜಿನಪ್ಪನ ಷರತ್ತು

ರಾದ್ಧಾಂತಕ್ಕೆಲ್ಲ ಕಾರಣ ಒಂದು ಷರತ್ತು. ಚಾಂಪಿಯನ್ ರೀಫ್ಸಿನಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟಿದ್ದ ಆಂಜಿನಪ್ಪ, ಗಂಡು ಹೆಣ್ಣಿನ ಸಾಲಾವಳಿ ನೋಡುವ ಪ್ರೋಗ್ರಾಂ ಬರೆದು, ಕೇಳಿದವರಿಗೆಲ್ಲ ಫ್ಲಾಪಿಯಲ್ಲಿ ಪುಕ್ಕಟೆ ಹಂಚುತ್ತಿದ್ದ. ಅದನ್ನು ತೆರೆದ ಕೂಡಲೇ ಪರದೆಯ ಮೇಲೆ ಹೀಗೆ ಬರುತ್ತಿತ್ತು: 'ಯಾರು ಬೇಕಾದರೂ ತಿದ್ದಿಕೊಳ್ಳಿ. ಆದರೆ ತಿದ್ದಿ ಬೇರೆಯವರಿಗೆ ಕೊಟ್ಟವರು ಪ್ರೋಗ್ರಾಂ ಬರೆದ ಒಳಗಿನ ಸಾಲುಗಳನ್ನು ಬಿಚ್ಚಿ ತೋರಿಸತಕ್ಕದ್ದು.'

ಪಕ್ಕದ ರೇಡಿಯೋ ರಿಪೇರಿ ಅಂಗಡಿಯ ಕುಪ್ಪುಸ್ವಾಮಿಗೆ ಇದು ಸುತರಾಂ ಒಪ್ಪಿಗೆಯಿರಲಿಲ್ಲ.

"ಎನ್ನಪ್ಪಾ ಇದು? ಮಗಳನ್ನ ಧಾರೆ ಎರೆದು ಕೊಟ್ಮೇಲೆ ಅವಳ ಮನೆ ಪಾತ್ರೆ ಮುಚ್ಚಳ ತೆಗ್ದು ನೋಡ್ತಾರಾ? ಕೊಟ್ಟ ಮೇಲೆ ಕೈ ತೊಳ್ಕೊಬೇಕು."

"ನಾನು ಬಿಚ್ಚಿ ಕೊಟ್ಟಿದ್ದನ್ನ ಇನ್ನೊಬ್ಬ ಮುಚ್ಚಿಡಂಗಿಲ್ಲ ಕಣಣ್ಣಾ!"

ಅಂದು ಬೆಳಿಗ್ಗೆಯೂ ಇದೇ ವಾದ ನಡೆಯುತ್ತಿದ್ದಾಗ ಬೂದಿಕೋಟೆಯ ಕದಿರಪ್ಪ ಬಂದ. ಅವನ ಮಗಳು ಗಂಗರತ್ನ ಇಲ್ಲಿ ಟೈಪಿಂಗ್ ಕಲಿತು ಹೋದಾಗಿನಿಂದ ಆಂಜಿನಪ್ಪನಿಗೆ ಅನ್ನ ಸೇರುತ್ತಿರಲಿಲ್ಲ. ಇಬ್ಬರ ಸಾಲಾವಳಿ ಬಲು ಸೊಗಸಾಗಿದೆ ಎಂದು ಅವನ ಕಂಪ್ಯೂಟರ್ ಆಗಲೇ ಹೇಳಿತ್ತು.

"ಬಂಗಾರಪೇಟೆ ವೆಂಕಟೇಶಪ್ಪನ ಕಂಪ್ಯೂಟ್ರು ಕೂಡಿ ಬರಲ್ಲ ಅಂತೈತಲ್ಲಪ್ಪಾ. ಅದ್ಕೇ ನಾನು..." ಎಂದು ಕದಿರಪ್ಪ ಶುರುಮಾಡಿದ.

ಆಂಜಿನಪ್ಪ ಧಿಗ್ಗನೆದ್ದ. ಆ ವೆಂಕಟೇಶಪ್ಪ ಇದೇ ಪ್ರೋಗ್ರಾಮಿಗೆ ತನ್ನ ಹೆಸರು ಅಂಟಿಸಿ, ಒಳಗನ್ನು ಯಾರೂ ನೋಡದಂತೆ ಬೀಗ ಹಾಕಿ ಮಾರುತ್ತಿದ್ದ.

"ಏನೋ ಕಿತಾಪತಿ ಮಾಡವ್ನೆ! ನಡೀರಿ ಮಾವಾ, ಬಿಚ್ಚಿಸ್ತೀನಿ!"

"ಅದಲ್ಲಪ್ಪಾ, ನಾನು ಏನೇಳಾಕ್ ಬಂದೆ ಅಂದ್ರೆ..."

"ಬಸ್ಸು ಬಂತು, ಅತ್ತಿ ಮಾವಾ!"

ನಿಶ್ಚಿತಾರ್ಥಕ್ಕೆ ಮುಂಚೆಯೇ ಮಾವ! ಕುಪ್ಪುಸ್ವಾಮಿ ಕೆಮ್ಮುತ್ತ, ತಮಾಷೆ ನೋಡಲು ತಾನೂ ಹತ್ತಿದ.

ಬಂಗಾರಪೇಟೆಯಲ್ಲಿ ಕೂಗಾಟ ಕೇಳಿ ಪಾನಿಪುರಿ ಗಾಡಿಯ ಮುಂದೆ ನಿಂತವರೆಲ್ಲ ಪ್ಲೇಟಿನ ಸಮೇತ ವೆಂಕಟೇಶಪ್ಪನ ಅಂಗಡಿಗೆ ನುಗ್ಗಿದರು.

"ಇದು ನನ್ದು, ಬಿಚ್ಚಲ್ಲ," ಎಂದ ವೆಂಕಟೇಶಪ್ಪ.

ಆಂಜಿನಪ್ಪ ಕಂಪ್ಯೂಟರಿಗೆ ಕೈಹಾಕಿದ. ಹೆಸರು ಬದಲಿಸಿದ ಮಹಾಶಯ ಷರತ್ತನ್ನು ಅಳಿಸಲು ಮರೆತಿದ್ದ! ಪರದೆಯ ಮೇಲೆ ಅದು ಥಳಥಳ ಹೊಳೆಯಿತು.

"ಓದ್ರಪ್ಪಾ ಎಲ್ಲಾ, ಗಟ್ಟಿಯಾಗಿ ಓದಿ!"

ಜನ ಮಗ್ಗಿ ಒಪ್ಪಿಸುವಂತೆ ಒಕ್ಕೊರಲಿನಿಂದ ಓದಿದರು. "ತೋರ್ಸಯ್ಯಾ!" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವನು ಕುಪ್ಪುಸ್ವಾಮಿಯೇ. ವೆಂಕಟೇಶಪ್ಪ ಬೆವರೊರೆಸಿಕೊಂಡು ಬೀಗ ತೆಗೆದ. ಶಿಳ್ಳೆಗಳು ಮೊಳಗಿದವು. ಆಂಜಿನಪ್ಪನ ಜೀವಮಾನದಲ್ಲಿ ಇಂಥ ಗೆಲುವು ಬಂದಿರಲಿಲ್ಲ.

"ನೋಡಿ ಕಳ್ಳನ್ನ! ಉಡುಗಿ ನಕ್ಷತ್ರದಿಂದ ಉಡುಗನ ನಕ್ಷತ್ರಕ್ಕೆ ಎಣ್ಸೋವಾಗ ನಾನು ಸೊನ್ನೆಯಿಂದ ಶುರು ಮಾಡಿದ್ದೆ. ಇವನು ಅದನ್ನ ಒಂದು ಮಾಡವ್ನೆ!"

ಶಿಳ್ಳೆ ಹಾಕುತ್ತಿದ್ದವರು ಬೆರಳು ಮಡಚಿ ನಕ್ಷತ್ರ ಎಣಿಸತೊಡಗಿದರು.

"ಒಂದ್ರಿಂದಾನೇ ಅಲ್ವೇನಪ್ಪಾ ನಕ್ಷತ್ರ ಎಣ್ಸೋದು?" ಎಂದ ಕದಿರಪ್ಪ ಮೆಲ್ಲಗೆ.

ಕಂಪ್ಯೂಟರ್ ಕಲಿತ ಅಭ್ಯಾಸಬಲ, ಆಂಜಿನಪ್ಪ ಎಲ್ಲವನ್ನೂ ಸೊನ್ನೆಯಿಂದಲೇ ಎಣಿಸುತ್ತಿದ್ದ. ವೆಂಕಟೇಶಪ್ಪ ಕದ್ದದ್ದು ನಿಜ, ಆದರೆ ಸರಿಮಾಡಿ ಕದ್ದಿದ್ದ.

ಕದಿರಪ್ಪ ಆಂಜಿನಪ್ಪನ ಬೆನ್ನು ತಟ್ಟಿದ. "ಒಳ್ಳೇ ಷರತ್ತು ಆಕಿದ್ದೆ ಕಣಪ್ಪಾ. ವೆಂಕಟೇಶಪ್ಪಂದು ಸುಳ್ಳಿರಬೇಕು, ಶುಕ್ರವಾರ ತಾಂಬೂಲ ಇಟ್ಕಳಾಣ ಅಂತ ಏಳಾಕೇ ಬೆಳಿಗ್ಗೆ ಬಂದಿದ್ದೆ. ನೀನು ಬಾಯಿ ಬಿಡಕ್ಕೇ ಬಿಡ್ಲಿಲ್ಲ. ಈಗ ಕೂಡಿ ಬರಲ್ಲ ಅಂತ ನೀನೇ ತೋರಿಸ್ದಂಗಾಯ್ತು. ಬತ್ತೀನಿ."

ಸರಿಯಾದ ಪ್ರೋಗ್ರಾಂ ಇನ್ನು ಊರಿಗೆಲ್ಲ ಪುಕ್ಕಟೆ! ಜನ ಜೈಕಾರ ಹಾಕುತ್ತ ಆಂಜಿನಪ್ಪನನ್ನು ಹೆಗಲ ಮೇಲೆ ಎತ್ತಿಕೊಂಡು ಬೀದಿಗೆ ತಂದರು. ಆ ಎತ್ತರದಿಂದ ಅವನಿಗೆ ಬೂದಿಕೋಟೆ ಬಸ್ಸು ತಿರುವು ದಾಟಿ ಹೋಗುವುದು ಬಲು ಚೆನ್ನಾಗಿ ಕಂಡಿತು.