ಗಾಳದ ಪೆಟ್ಟಿಗೆಯ ಮೂರು ಖಾನೆ

ಗಂಡಸರಿಗೆ ಒಂದು ವಯಸ್ಸು ದಾಟಿದ ಮೇಲೆ ಏನಾದರೊಂದು ಹುಚ್ಚು ಹಿಡಿಯುತ್ತದೆ. ಕೆಲವರು ಹಳೇ ಜೀಪು ಕೊಳ್ಳುತ್ತಾರೆ, ಕೆಲವರು ಪಂಚಾಯಿತಿ ಚುನಾವಣೆಗೆ ನಿಲ್ಲುತ್ತಾರೆ. ನಾನು ಗಾಳ ಕೊಂಡೆ. ಜಾವಳಿಯ ನಮ್ಮ ಪುಟ್ಟ ಕಾಫಿ ತೋಟದ ಕೆಳಗೊಂದು ಕೆರೆಯಿದೆ, ಅದರಲ್ಲಿ ಗೆಂಡೆ ಮೀನುಗಳಿವೆ. ಅವು ನನಗೆ ಮೂರು ಕಾಸಿನ ಮರ್ಯಾದೆ ಕೊಡುವುದಿಲ್ಲ ಎಂಬುದು ಬೇರೆ ಮಾತು.

ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ಮೂರು ಖಾನೆಯ ಪೆಟ್ಟಿಗೆಯೊಂದನ್ನು ಮಾಡಿಕೊಂಡಿದ್ದೇನೆ. ಬೇಸಿಗೆಯ ಖಾನೆಯಲ್ಲಿ ಭಾರದ ಸೀಸದ ಗುಂಡು, ಏಕೆಂದರೆ ಬಿಸಿಲಿಗೆ ಮೀನು ತಂಪು ಹುಡುಕಿ ತಳ ಸೇರುತ್ತದೆ. ಚಳಿಗಾಲಕ್ಕೆ ತೆಳು ದಾರ, ಸಣ್ಣ ಗಾಳ, ಬೆಲ್ಲ ಹಾಕಿ ಕಲಸಿದ ಗೋಧಿ ಹಿಟ್ಟು. ಚಳಿಗೆ ಮೀನೂ ಸೋಮಾರಿಯಾಗುವುದರಿಂದ ಉಪಚಾರ ಮಾಡಿ ಕರೆಯಬೇಕು. ಮಳೆಗಾಲದ ಕೆಂಪು ನೀರಿಗೆ ಗಟ್ಟಿ ದಾರ, ವಾಸನೆಯ ಎರೆಹುಳ. ಇಷ್ಟೆಲ್ಲ ಬಲ್ಲ ನನಗೆ ಎರಡು ವರ್ಷದಲ್ಲಿ ಸಿಕ್ಕಿದ್ದು ಎರಡು ಏಡಿ ಮತ್ತು ನನ್ನದೇ ಟೋಪಿ. "ರೀ, ಆ ವಿಡಿಯೊ ಮೀನಿಗೂ ಒಂದ್ಸಲ ತೋರ್ಸಿ" ಎನ್ನುತ್ತಾಳೆ ನನ್ನ ಹೆಂಡತಿ ಕುಸುಮ.

ಇಂಥ ನಾನು ಕಳೆದ ಜೂನಿನಲ್ಲಿ ಫೋನಿನಲ್ಲಿ ಬಾಯಿ ಜಾರಿ ಹೇಳಿಬಿಟ್ಟೆ. "ಭಾನುವಾರ ಬನ್ನಿ ಮಾವ, ನಾನೇ ಹಿಡಿದ ಮೀನಿನ ಸಾರು ಮಾಡಿಸ್ತೀನಿ." ಕಳಸದ ನಮ್ಮ ಮಾವ ಭದ್ರಾ ಹೊಳೆಯಲ್ಲಿ ಗಾಳ ಹಾಕುತ್ತಲೇ ಪ್ರಾಯ ಕಳೆದವರು. ಅಳಿಯ ಬರೀ ಬಾಯಿಬಡುಕ ಎಂಬ ಅವರ ಅನುಮಾನಕ್ಕೆ ನನ್ನ ಮದುವೆಯಷ್ಟೇ ವಯಸ್ಸು. ಅದನ್ನು ಸುಳ್ಳು ಮಾಡಲು ನನಗಿದ್ದದ್ದು ಒಂದೇ ಬೆಳಗ್ಗೆ.

ಆ ಬೆಳಗ್ಗೆಯೇ ಮುಂಗಾರಿನ ಮೊದಲ ಮಳೆ ಸುರಿಯಬೇಕೆ? ಯಾವ ಖಾನೆ ತೆಗೆಯಲಿ? ಕಾಫಿಯವರಾದ ನಮಗೆ ಮಳೆ ಅಳೆಯದೆ ಯಾವ ತೀರ್ಮಾನವೂ ಆಗುವುದಿಲ್ಲ. ಅಂಗಳದ ಮಳೆಮಾಪಕ ಒಂದು ಇಂಚು ಹತ್ತು ಸೆಂಟು ತೋರಿಸಿತು; ನಮ್ಮ ಲೆಕ್ಕದಲ್ಲಿ ನೂರು ಸೆಂಟಿಗೆ ಒಂದು ಇಂಚು. ಐದು ಇಂಚು ದಾಟದೆ ಮಳೆಗಾಲವಲ್ಲ ಎಂಬುದು ನನ್ನ ಕಾಯಿದೆ. ಹಾಗಾಗಿ ಬೇಸಿಗೆಯ ಖಾನೆ ತೆರೆದು, ಕೆರೆಯ ಆಳದ ಕಡೆ ಹೋಗಿ, ಸೀಸದ ಗುಂಡು ಎಸೆದು ಕೊಡೆಯಡಿ ಕುಳಿತೆ.

ಮೀನುಗಳು ಮಳೆಮಾಪಕ ನೋಡಿರಲಿಲ್ಲ. ಹೊಸ ನೀರು ಬಂದ ಕೂಡಲೇ ಅವು ಮೇಲಿನ ಗದ್ದೆಯಿಂದ ಕೆರೆಗಿಳಿಯುವ ಕಾಲುವೆಯಲ್ಲಿ ಹರಿವಿಗೆ ಎದುರಾಗಿ ಹತ್ತತೊಡಗಿದ್ದವು. ನಾನು ಅದಕ್ಕೆ ಬೆನ್ನು ಹಾಕಿದ್ದೆ. ಗದ್ದೆಯ ಬದು ನೋಡಲು ಬಂದ ಕುಸುಮ, ಸೀರೆ ಎತ್ತಿ ಕಟ್ಟಿ, ಕಾಫಿ ಕುಯ್ಯುವ ಬಿದಿರು ಕುಕ್ಕೆಯನ್ನು ಕಾಲುವೆಗೆ ಅಡ್ಡ ಹಿಡಿದಳು. ನಾನು ಎರಡು ಸಲ ಗುಂಡು ಬದಲಿಸುವಷ್ಟರಲ್ಲಿ ಕುಕ್ಕೆಯಲ್ಲಿ ನಾಲ್ಕು ಗೆಂಡೆ ಕುಣಿಯುತ್ತಿದ್ದವು.

"ಮಾವನಿಗೆ ಹೇಳ್ಬೇಡ ಮಾರಾಯ್ತಿ" ಎಂದು ಅಂಗಲಾಚಿದೆ.

"ನಾನ್ಯಾಕೆ ಹೇಳ್ಲಿ? ಅಪ್ಪ ಬರೋದೇ ನೀವು ಹಿಡಿದ ಮೀನು ತಿನ್ನೋಕೆ ಅಲ್ವಾ" ಎಂದಳು. ನಾಚಿಕೆಯಾಯಿತು. ಅವಳ ಮೇಲೆ ಪ್ರೀತಿಯೂ ಉಕ್ಕಿತು.

ಮಧ್ಯಾಹ್ನ ಕಡುಬು, ಮೀನು ಸಾರು. ದೊಡ್ಡ ಮೀನಿನ ತಲೆ ಹಿರಿಯರಿಗೆಂದು ಮಾವನ ತಟ್ಟೆಗೆ ಹೋಯಿತು. ಮಾವ ತಿನ್ನುವ ಮೊದಲು ಅದನ್ನು ಆ ಕಡೆ ಈ ಕಡೆ ತಿರುಗಿಸಿ, ಬಾಯಿಯ ಹತ್ತಿರ ಬಹಳ ಹೊತ್ತು ನೋಡಿದರು.

"ಅಳಿಯಂದ್ರೇ, ಭಾರಿ ನಾಜೂಕು ಗಾಳ ನಿಮ್ದು. ತುಟಿಗೆ ಒಂದು ಗೀರೂ ಆಗಿಲ್ಲ!"

ಕುಸುಮ ಸಾರು ತರುತ್ತೇನೆಂದು ಒಳಗೋಡಿದಳು. ಸಾರಿನ ಪಾತ್ರೆ ನಮ್ಮ ಮುಂದೆಯೇ ಇತ್ತು. ನಾನು ಕಡುಬು ಗಂಟಲಲ್ಲಿ ಸಿಕ್ಕಿದವನಂತೆ ಕೆಮ್ಮಿದೆ.

ಅಂದಿನಿಂದ ಮಾವ ಬರುವ ದಿನ ಮೂಡಿಗೆರೆ ಪೇಟೆಯಿಂದಲೇ ಮೀನು ತಂದರೂ, ದಾರಿಯಲ್ಲಿ ನಿಂತು ಅದರ ತುಟಿಗೊಂದು ಗಾಳ ಚುಚ್ಚಿಯೇ ಮನೆಗೆ ಬರುತ್ತೇನೆ. ಆ ಕೆಲಸಕ್ಕೆ ಮೂರು ಕಾಲಕ್ಕೂ ಒಂದೇ ಗಾಳ ಸಾಕು. ಮೊನ್ನೆ ಮಾತ್ರ ಅವಸರದಲ್ಲಿ ಸಮುದ್ರದ ಬಂಗುಡೆಗೂ ಚುಚ್ಚಿಬಿಟ್ಟೆ.